ಎರಡನೇ ದಿನದ ಸಾರು

ನನ್ನ ಗಂಡ ಮೂವತ್ತು ವರ್ಷ ಪಿರಿಯಾಪಟ್ಟಣದ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಟೈಲರ್ ಅಂಗಡಿ ಇಟ್ಟಿದ್ದರು. ಈ ಬೇಸಿಗೆಯಲ್ಲಿ ಒಂದು ಬೆಳಿಗ್ಗೆ ಎದೆ ಹಿಡಿದುಕೊಂಡು ಕೂತವರು ಹುಣಸೂರಿನ ಆಸ್ಪತ್ರೆ ತಲುಪುವ ಮೊದಲೇ ಹೋಗಿಬಿಟ್ಟರು. ಹನ್ನೊಂದನೇ ದಿನದ ತಿಥಿಯಲ್ಲಿ ಅವರ ಫೋಟೋದ ಮುಂದೆ ಎಡೆ ಇಟ್ಟಾಗ ಅವರ ಅಕ್ಕ ಬಾಳೆಲೆಯ ಪಕ್ಕದಲ್ಲಿ ಒಂದು ರೆಡಿಮೇಡ್ ಅಂಗಿ ತಂದಿಟ್ಟರು. ಪ್ಲಾಸ್ಟಿಕ್ ಕವರು ಕೂಡ ಬಿಚ್ಚಿರಲಿಲ್ಲ. ಎಲೆಯ ಮೇಲೆ ಹೋಟೆಲಿನ ಬಿರಿಯಾನಿ, ಬೇಕರಿಯ ಕೇಕು, ಪಕ್ಕದಲ್ಲಿ ಒಂದು ಬಾಟಲಿ ಕೂಲ್ ಡ್ರಿಂಕ್ಸ್.

"ಇದ್ದಾಗ ಉಣ್ನಿಲ್ಲ, ಉಡ್ನಿಲ್ಲ ನನ್ ತಮ್ಮ. ಈಗ್ಲಾದ್ರೂ ವಸಿ ಉಣ್ಲಿ" ಅಂತ ಅತ್ತರು. ಬಂದವರೆಲ್ಲ ಹೌದು ಹೌದು ಅಂದರು.

ನಾನು ಗೋಡೆಗೆ ಒರಗಿ ಕೂತು ಆ ಅಂಗಿಯ ಗುಂಡಿಗಳನ್ನೇ ನೋಡುತ್ತಿದ್ದೆ. ಮಿಷನ್ನಿನಲ್ಲಿ ಹಾಕಿದ ಗುಂಡಿ; ದಾರದ ಒಂದು ತುದಿ ಎಳೆದರೆ ಉದುರಿ ಕೈಗೆ ಬರುತ್ತದೆ. ನಮ್ಮ ಅಂಗಡಿಯಲ್ಲಿ ಕಾಜ, ಗುಂಡಿ, ಹೆಮ್ಮಿಂಗ್ ಎಲ್ಲ ನನ್ನ ಕೈಯಲ್ಲಿ ಆಗುತ್ತಿತ್ತು. ಕತ್ತರಿಸುವುದು, ಹೊಲಿಯುವುದು ಅವರದು. ಅವರು ಜೀವಮಾನದಲ್ಲಿ ಒಂದು ಸಲವೂ ಕೊಂಡ ಅಂಗಿ ಹಾಕಿದವರಲ್ಲ. ಅಂಥವರ ಎಡೆಗೆ ರೆಡಿಮೇಡ್ ಅಂಗಿ ಇಟ್ಟದ್ದು ಅಲ್ಲಿದ್ದ ಒಬ್ಬರಿಗೂ ತಪ್ಪು ಅನ್ನಿಸಲಿಲ್ಲ. ತಪ್ಪು ಅನ್ನಿಸಿದ್ದು ನನಗೊಬ್ಬಳಿಗೇ, ನಾನೂ ಬಾಯಿ ಬಿಡಲಿಲ್ಲ. ಸಾವಿನ ಮನೆಯಲ್ಲಿ ಅಂಗಿಯ ಮಾತು ಎತ್ತುವುದು ಹೇಗೆ?

ನಾವು ಕೈ ಬಿಗಿ ಹಿಡಿದು ಬದುಕಿದ್ದು ನಿಜ. ಅದನ್ನು ಮುಚ್ಚಿಡುವುದಿಲ್ಲ. ನಮಗೆ ಮಕ್ಕಳಿಲ್ಲ. ಊರಿನ ಹೊರಗೆ ಎರಡು ಕೋಣೆಯ ಮನೆ, ಒಂದಿಷ್ಟು ಹಿತ್ತಲು. ಒಂದು ಸೋಪನ್ನು ಅದು ಹಾಳೆಯಂತೆ ತೆಳ್ಳಗಾಗುವವರೆಗೂ ಬಳಸಿ, ಉಳಿದ ಚೂರನ್ನು ಹೊಸ ಸೋಪಿನ ಬೆನ್ನಿಗೆ ಅಂಟಿಸುತ್ತಿದ್ದೆವು. ಎಲ್ಲಿಗೆ ಹೋದರೂ ಡಬ್ಬಿಯಲ್ಲಿ ಚಿತ್ರಾನ್ನ ಕಟ್ಟಿಕೊಂಡು ಹೋಗುತ್ತಿದ್ದೆವು. ಮದುವೆಗಳಿಗೆ ನಾವು ಉಡುಗೊರೆ ತೆಗೆದುಕೊಂಡು ಹೋದವರೇ ಅಲ್ಲ. ಅದರ ಬದಲು ವಾರ ಮುಂಚೆ ಮದುವೆ ಮನೆಗೆ ಹೋಗಿ, ಹುಡುಗಿಯ ಸೀರೆಗಳನ್ನೆಲ್ಲ ಎತ್ತಿಕೊಂಡು ಬಂದು, ಫಾಲ್ಸ್ ಹಾಕಿ, ರವಿಕೆ ಹೊಲಿದು, ಮಡಿಸಿ ಕೊಟ್ಟು ಬರುತ್ತಿದ್ದೆವು. ದುಡ್ಡು ಮುಟ್ಟುತ್ತಿರಲಿಲ್ಲ. ಎಚ್.ಡಿ. ಕೋಟೆಯ ಕಡೆ ಒಂದು ಮದುವೆಗೆ ಹೀಗೆ ಹದಿನಾಲ್ಕು ಸೀರೆ ಮುಗಿಸಿಕೊಟ್ಟಿದ್ದೆವು. ಮದುವೆ ದಿನ ವೇದಿಕೆ ಹತ್ತಲು ಸಾಲಿನಲ್ಲಿ ನಿಂತಾಗ ಹಿಂದಿದ್ದ ಒಬ್ಬ ನೆಂಟ ನಕ್ಕ.

"ಏನ್ ಟೈಲರ್ರೇ, ಕೈ ಬೀಸ್ಕೊಂಡು ಬಂದಿದ್ದೀರಿ? ಕವರ್ ಮನೇಲೇ ಮರ್ತ್ರಾ?"

"ಉಡುಗೊರೆ ಆಗ್ಲೇ ಉಟ್ಕೊಂಡು ನಿಂತೈತೆ ನೋಡಪ್ಪ" ಅಂದರು ಇವರು, ಮದುಮಗಳ ಕಡೆ ಕೈ ತೋರಿಸಿ.

ಅವನಿಗೆ ಅರ್ಥವಾಗಲಿಲ್ಲ. ಇವರೂ ಬಿಡಿಸಿ ಹೇಳಲಿಲ್ಲ.

ಹೋಟೆಲಿನ ವಿಷಯಕ್ಕೆ ನನಗೂ ಸಿಟ್ಟು ಬಂದದ್ದುಂಟು. ಇವರ ತಮ್ಮನ ಮಗಳ ಹುಟ್ಟಿದ ಹಬ್ಬಕ್ಕೆ ಹುಣಸೂರಿನ ರಸ್ತೆಯ ಒಂದು ದೊಡ್ಡ ಹೋಟೆಲಿಗೆ ಮೈದುನ ನಮ್ಮನ್ನೂ ಕರೆದುಕೊಂಡು ಹೋಗಿದ್ದ. ಎಲ್ಲರೂ ತಿಂದು ಕೈ ತೊಳೆಯಲು ಎದ್ದಾಗ ಮೇಜಿನ ಮೇಲೆ ಅರ್ಧಕ್ಕರ್ಧ ಊಟ ಉಳಿದಿತ್ತು. ಇವರು ಸಪ್ಲೈಯರನ್ನು ಕರೆದು, "ಇದನ್ನೆಲ್ಲ ಒಂದು ಕವರಿಗೆ ಹಾಕ್ಕೊಡಪ್ಪ" ಅಂದರು.

ಮೈದುನನ ಮುಖ ಸಣ್ಣದಾಯಿತು. "ಅಣ್ಣಯ್ಯ, ಬುಡು ಕಣೋ, ಜನ ನೋಡ್ತಾವ್ರೆ."

"ನೋಡ್ಲಿ. ಅನ್ನ ಚೆಲ್ಲೋನು ನಾಚ್ಕೋಬೇಕು, ಎತ್ಕೊಂಡೋಗೋನ್ಯಾಕೆ ನಾಚ್ಕೊಂಡಾನು?"

ಆಗ ನಾನು ಯಾರದೋ ಹೆಂಡತಿ ಎಂಬಂತೆ ಬಾಗಿಲ ಕಡೆ ನೋಡುತ್ತಾ ನಿಂತಿದ್ದೆ. ಅದನ್ನು ಈಗ ನೆನೆದರೆ ನಾಚಿಕೆಯಾಗುವುದು ನನ್ನ ಬಗ್ಗೆ, ಅವರ ಬಗ್ಗೆ ಅಲ್ಲ.

"ಮಕ್ಕಳಿಲ್ಲ ಮರಿಯಿಲ್ಲ, ಯಾರಿಗೆ ಕೂಡಿಡ್ತೀಯಲಾ?" ಅಂತ ಅವರ ಗೆಳೆಯರು ಕೇಳುತ್ತಿದ್ದರು. ಅವರು ಏನನ್ನೂ ಕೂಡಿಡುತ್ತಿರಲಿಲ್ಲ. ಗೌರಿ ಹಬ್ಬಕ್ಕೆ, ಯುಗಾದಿಗೆ ಬೀದಿಯ ಬೇರೆ ಟೈಲರುಗಳು ಹಗಲು ರಾತ್ರಿ ಪೆಡಲು ತುಳಿಯುವಾಗ ನಮ್ಮ ಅಂಗಡಿ ದೀಪ ಹಚ್ಚುವ ಹೊತ್ತಿಗೆ ಮುಚ್ಚಿರುತ್ತಿತ್ತು. ಹೆಚ್ಚಿಗೆ ಬಟ್ಟೆ ತಂದವರನ್ನು ವಾಪಸು ಕಳಿಸುತ್ತಿದ್ದರು. ಮನೆಗೆ ಬಂದು ಹಿತ್ತಲಿನಲ್ಲಿ ಕಲ್ಲಿನ ಮೇಲೆ ಕೂತು, ಆ ಹೊತ್ತಿನ ಗಾಳಿಗೆ ಮೈಯೊಡ್ಡಿ, ನಾನು ಸೊಪ್ಪು ಸೋಸುವುದನ್ನು ನೋಡುತ್ತಾ ಏನಾದರೂ ಮಾತಾಡುತ್ತಿದ್ದರು. ಕಡಿಮೆ ಖರ್ಚಿನವನಿಗೆ ಕಡಿಮೆ ದುಡಿದರೆ ನಡೆಯುತ್ತದೆ. ಅವರ ಲೆಕ್ಕ ಅಷ್ಟೇ. ಅದರಲ್ಲಿ ನನ್ನ ಪಾಲೂ ಇತ್ತು. ದಿನಾ ಸಂಜೆ ಗಂಡ ಮನೆಯಲ್ಲಿರುತ್ತಿದ್ದ ಹೆಂಗಸು ನಮ್ಮ ಬೀದಿಯಲ್ಲಿ ನಾನೊಬ್ಬಳೇ.

ಅವರು ಹೋದ ಮೇಲೆ ಜನ ನನ್ನನ್ನು ಜೈಲಿನಿಂದ ಬಿಟ್ಟವಳ ಹಾಗೆ ನೋಡತೊಡಗಿದರು. ಪಕ್ಕದ ಮನೆಯಾಕೆ ಒಂದು ದಿನ ಹೋಟೆಲಿನ ಮಸಾಲೆ ದೋಸೆ ಕಟ್ಟಿಸಿಕೊಂಡು ಬಂದು, "ಇನ್ಮೇಲಾದ್ರೂ ಬಾಯಿಗೆ ರುಚಿಯಾಗಿ ತಿನ್ನು ಕಣಮ್ಮಿ. ಆವಯ್ಯ ಇದ್ದಾಗ ನೀನೇನ್ ಕಂಡೆ?" ಅಂದಳು. ಒಳ್ಳೆಯ ಮನಸ್ಸಿನಿಂದಲೇ ತಂದಿದ್ದಳು. ದೋಸೆ ತಿಂದೆ. ಚೆನ್ನಾಗಿತ್ತು. ಆದರೆ ನಾನು ಏನು ಕಂಡೆ ಅಂತ ಇವಳಿಗೆ ಹೇಗೆ ಹೇಳಲಿ? ಇವರೆಲ್ಲ ಸೇರಿ ಒಬ್ಬ ತೃಪ್ತ ಮನುಷ್ಯನನ್ನು ಪಾಪದವನನ್ನಾಗಿ ಮಾಡುತ್ತಿದ್ದರು. ನಾನು ಸುಮ್ಮನಿದ್ದರೆ ಇನ್ನೆರಡು ವರ್ಷದಲ್ಲಿ ಊರಿನ ಬಾಯಲ್ಲಿ ಅವರು ಉಣ್ಣದೆ ಸತ್ತ ಜಿಪುಣ, ನಾನು ಉಪವಾಸ ಬಿದ್ದ ಹೆಂಡತಿ. ಅಷ್ಟೇ ಉಳಿಯುತ್ತಿತ್ತು.

ಹಿರಿಯರ ಹಬ್ಬಕ್ಕೆ ನಾಲ್ಕು ದಿನವಿರುವಾಗ ಕೆ.ಆರ್. ನಗರದ ಹತ್ತಿರದ ಮಿರ್ಲೆಯಿಂದ ಅವರ ಅಕ್ಕ ಫೋನು ಮಾಡಿದರು. ತಾಯಿಯಿಲ್ಲದ ತಮ್ಮಂದಿರಿಬ್ಬರನ್ನೂ ಸಾಕಿದವರು ಅವರೇ. ನನ್ನನ್ನು ಹೆಣ್ಣು ನೋಡಲು ಬಂದವರೂ ಅವರೇ.

"ಮೊದಲ್ನೇ ವರ್ಸದ ಎಡೆ ಕಣಮ್ಮಿ. ನಾನೇ ಎಲ್ಲಾ ತತ್ತೀನಿ. ಬಿರಿಯಾನಿ ಹೇಳಿವ್ನಿ, ಪ್ಯಾಂಟು ಸರ್ಟು ತಂದಿವ್ನಿ. ನೀನು ಒಲೆ ಅಚ್ಚಬ್ಯಾಡ."

"ಬೇಡಿ ಅತ್ಗೆ. ಅಡುಗೆ ನಾನು ಮಾಡ್ತೀನಿ. ಬಟ್ಟೇನೂ ನಾನೇ ಇಡ್ತೀನಿ."

"ಏನ್ ಮಾಡ್ತೀಯ?"

"ರಾಗಿ ಮುದ್ದೆ, ಹುರುಳಿಕಾಳಿನ ಬಸ್ಸಾರು. ಸಾರು ಹಿಂದಿನ ದಿನಾನೇ ಮಾಡಿಡ್ತೀನಿ."

"ತಂಗ್ಳು ಸಾರಾ? ಎಡೆಗಾ? ನಿಂಗೆ ತಲೆ ಸರಿಗೈತಾ?"

"ಅವ್ರಿಗೆ ಎರಡ್ನೇ ದಿನದ ಸಾರೇ ಸೇರ್ತಿದ್ದಿದ್ದು. ಮೊದಲ್ನೇ ದಿನ ಬರೀ ರುಚಿ ನೋಡೋರು, ಉಣ್ತಿದ್ದುದು ಮಾರ್ನೇ ದಿನ. ನಿಮಗೂ ಗೊತ್ತಲ್ಲ."

"ಬದುಕಿದ್ದಾಗ ತಂಗ್ಳು ಉಣ್ಸಿದ್ದು ಸಾಲ್ದು ಅಂತ ಸತ್ ಮೇಲೂ ತಂಗ್ಳೇ ಇಕ್ತೀಯ? ಅಂಗೆ ಮಾಡೋದಾದ್ರೆ ನಾನು ಬರಕಿಲ್ಲ ಬುಡು. ನನ್ ತಮ್ಮನ್ ಜೊತೇಲೇ ಆ ಮನೆ ಋಣಾನೂ ಓಯ್ತು ಅಂದ್ಕೋತೀನಿ."

ಫೋನು ಇಟ್ಟರು. ನಾನು ಅವತ್ತು ಊಟ ಮಾಡಲಿಲ್ಲ. ಅವರ ಕಡೆಯವರು ಅಂತ ನನ್ನನ್ನು ವಿಚಾರಿಸುವವರಲ್ಲಿ ಅಕ್ಕನೇ ಹೆಚ್ಚು. ಅವರು ದೂರವಾದರೆ ಆ ಮನೆಯ ಸೊಸೆ ಅನ್ನಿಸಿಕೊಳ್ಳುವುದಕ್ಕೂ ನನಗೆ ಆಧಾರವಿಲ್ಲ. ಒಂದು ಪಾತ್ರೆ ಸಾರಿನ ಹಟಕ್ಕೆ ಇಷ್ಟು ಬೆಲೆ ಕೊಡಬೇಕೆ ಅಂತ ಎರಡು ದಿನ ಯೋಚಿಸಿದೆ. ಮೂರನೇ ದಿನ ಹುರುಳಿಕಾಳು ನೆನೆಹಾಕಿದೆ.

ಅಂಗಿಯ ಕೆಲಸ ಸಾರಿಗಿಂತ ಕಷ್ಟವಾಯಿತು. ಎಡೆಗೆ ಹೊಸ ಬಟ್ಟೆ ಇಡಬೇಕು. ನಾನು ಅಂಗಡಿಗೆ ಹೋಗಿ ಬೀಗ ತೆಗೆದು, ಉಳಿದ ಬಟ್ಟೆಗಳ ಗಂಟಿನಲ್ಲಿ ತಿಳಿ ನೀಲಿಯದೊಂದು ತುಂಡು ಹುಡುಕಿದೆ. ಅವರ ಹಳೆಯ ಅಂಗಿಯನ್ನು ಮೇಲಿಟ್ಟು ಸೀಮೆಸುಣ್ಣದಲ್ಲಿ ಗೆರೆ ಎಳೆದು ಕತ್ತರಿಸಿದೆ. ತೋಳು, ಬೆನ್ನು, ಜೇಬು ಹೇಗೋ ಆಯಿತು. ಕಾಲರು ಮಾತ್ರ ಕೈಗೆ ಹತ್ತಲಿಲ್ಲ. ಮೂವತ್ತು ವರ್ಷ ಪಕ್ಕದಲ್ಲೇ ಕೂತು ಗುಂಡಿ ಹಾಕಿದ ನಾನು ಒಂದು ದಿನವೂ ಕಾಲರು ಕೂರಿಸಿದವಳಲ್ಲ. ಎರಡು ಸಲ ಬಿಚ್ಚಿದೆ. ಮೂರನೇ ಸಲವೂ ಎಡಗಡೆಯ ತುದಿ ಬಲಗಡೆಗಿಂತ ಕೆಳಗೆ ಇಳಿಯಿತು. ಅವರು ಕಂಡಿದ್ದರೆ "ಇದನ್ನ ಗಿರಾಕಿಗೆ ಕೊಟ್ಟಿಯಾ, ಅಂಗಡಿ ಮುಚ್ಚಿಸ್ತಾನೆ" ಅನ್ನುತ್ತಿದ್ದರು. ನನಗೆ ಅಲ್ಲೇ ಅಳು ಬಂತು. ಅತ್ತು ಮುಗಿಸಿ ಗುಂಡಿ ಹಾಕಿದೆ. ಗುಂಡಿಗಳಲ್ಲಿ ಮಾತ್ರ ಯಾರೂ ತಪ್ಪು ಹುಡುಕುವ ಹಾಗಿರಲಿಲ್ಲ.

ಹಬ್ಬದ ದಿನ ಮೈದುನ ಹೆಂಡತಿಯ ಜೊತೆ ಬಂದ. ಎಲೆಯ ಮೇಲೆ ಮುದ್ದೆ, ಕುದಿಸಿದ ಹಿಂದಿನ ದಿನದ ಸಾರು, ಬಸಿದು ಒಗ್ಗರಣೆ ಹಾಕಿದ ಸೊಪ್ಪು-ಕಾಳು, ಒಂದು ಹಸಿ ಈರುಳ್ಳಿ ನೋಡಿದ. ಅಂಗಿಯನ್ನು ಎತ್ತಿ ನೋಡಿ, ಕಾಲರಿನ ಮೇಲೆ ಒಂದು ಸಲ ಬೆರಳಾಡಿಸಿ ಇಟ್ಟ. ಧೂಪ ಹಾಕುವ ಹೊತ್ತಿಗೆ ಬೀದಿಯಲ್ಲಿ ಆಟೋ ನಿಂತಿತು. ಅವರ ಅಕ್ಕ ಇಳಿದರು. ಕೈಯಲ್ಲಿ ದೊಡ್ಡ ಸ್ಟೀಲ್ ಡಬ್ಬಿ, ಕಂಕುಳಲ್ಲಿ ಬಟ್ಟೆಯ ಪೆಟ್ಟಿಗೆ.

"ಬರಕಿಲ್ಲ ಅಂದಿದ್ದೆ. ಮನಸ್ ತಡೀನಿಲ್ಲ" ಅಂದವರೇ ನೇರ ಎಡೆಯ ಕಡೆ ಹೊರಟರು.

ನಾನು ಬಾಗಿಲಲ್ಲಿ ನಿಂತೆ. "ನೀವು ಬನ್ನಿ ಅತ್ಗೆ. ಡಬ್ಬಿ ಹೊರಗಿರ್ಲಿ."

"ಸರ್ಕೊಳಮ್ಮಿ."

"ಸರ್ಕೊಳಲ್ಲ."

ಅಷ್ಟು ವರ್ಷದಲ್ಲಿ ಅವರಿಗೆ ನಾನು ಎದುರು ಮಾತಾಡಿದ್ದು ಅದೇ ಮೊದಲು. ಅಕ್ಕ ನನ್ನ ಮುಖ ನೋಡಿದರು. ಆಮೇಲೆ ಡಬ್ಬಿಯನ್ನೂ ಪೆಟ್ಟಿಗೆಯನ್ನೂ ಜಗಲಿಯ ಮೇಲೆ ಕುಕ್ಕಿ, ಒಳಗೆ ಬಂದು ಕೈ ಮುಗಿದರು. ಎಲೆಯ ಕಡೆ ನೋಡಲಿಲ್ಲ.

ನಮ್ಮಲ್ಲಿ ಎಡೆ ಇಟ್ಟ ಮೇಲೆ ಎಲ್ಲರೂ ಹೊರಗೆ ಬಂದು ಬಾಗಿಲು ಎಳೆದುಕೊಳ್ಳುತ್ತೇವೆ. ಹಿರಿಯರು ಬಂದು ಉಣ್ಣುವುದನ್ನು ನೋಡಬಾರದು. ಮೈದುನನೂ ಅವನ ಹೆಂಡತಿಯೂ ಬೇವಿನ ಮರದ ಹತ್ತಿರ ನಿಂತರು. ಜಗಲಿಯ ಮೇಲೆ ನಾನು, ಅಕ್ಕ, ನಮ್ಮಿಬ್ಬರ ನಡುವೆ ಬಿರಿಯಾನಿಯ ಡಬ್ಬಿ.

ಅಕ್ಕ ಮೆಲ್ಲಗೆ ಹೇಳಿದರು. "ಅವ್ವ ಸತ್ತಾಗ ಮನೇಲಿ ಒಂದೊತ್ತಿನ್ ಹಿಟ್ಟಿಗೂ ಕಷ್ಟ. ನಾನು ಪಾತ್ರೆ ಕೆರ್ಕೊಂಡು ಕೂತಿದ್ರೆ ಇವ್ನು ತನ್ ತಟ್ಟೇಲಿರೋದ್ನ ನನ್ ತಟ್ಟೆಗೆ ತಳ್ಳೋನು. 'ನಾನು ಉಂಡ್ನಿ ಕಣಕ್ಕ, ಒಟ್ಟೆ ತುಂಬೈತೆ' ಅನ್ನೋನು. ಆರು ವರ್ಸದ್ ಮಗ. ಸುಳ್ಳು ಅಂತ ನಂಗೆ ಗೊತ್ತಿತ್ತು. ಗೊತ್ತಿದ್ದೂ ಉಂಡ್ನಿ."

ಅವರ ಕಣ್ಣಿನಿಂದ ನೀರು ಇಳಿಯುತ್ತಿತ್ತು. ಆ ಬಿರಿಯಾನಿ ಯಾವ ಹಸಿವಿಗೆ ತಂದದ್ದು ಅಂತ ನನಗೆ ಆಗ ತಿಳಿಯಿತು. ಎದ್ದು ಬಾಗಿಲು ತೆಗೆದು ಡಬ್ಬಿಯನ್ನು ಎಲೆಯ ಪಕ್ಕ ಇಟ್ಟುಬಿಡೋಣ ಅನ್ನಿಸಿತು. ಇಟ್ಟಿದ್ದರೆ ಅಕ್ಕನ ಮನಸ್ಸಿಗೆ ಸಮಾಧಾನವಾಗುತ್ತಿತ್ತು. ನಾನು ಏಳಲಿಲ್ಲ.

"ಅವಾಗ ಹಸ್ದಿದ್ರೋ ಏನೋ ನಂಗೊತ್ತಿಲ್ಲ ಅತ್ಗೆ" ಅಂದೆ. "ನಾನಿರ್ಲಿಲ್ಲ. ನನ್ ಜೊತೇಲಿದ್ದ ಮೂವತ್ತು ವರ್ಸ ನಂಗೊತ್ತು. ಒಂದಿನಾನೂ ಹಸ್ದಿರ್ಲಿಲ್ಲ. ದಿನಾ ಉಂಡು ತೇಗಿ, ಕೈ ತೊಳ್ಕೊಂಡು, ಲೋಟದ್ ನೀರು ಕುಡ್ದು, 'ಸಾಕು' ಅಂತಿದ್ರು. ನೀವು ಆರು ವರ್ಸದೋನಿಗೆ ಎಡೆ ತಂದಿದ್ದೀರಿ. ನಾನು ಇಟ್ಟಿರೋದು ನನ್ ಗಂಡನಿಗೆ."

ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡರು. "ನಿಂಗೆ ಇಷ್ಟು ಬಾಯಿ ಎಲ್ಲಿಂದ ಬಂತಮ್ಮಿ?"

"ಅವ್ರಿದ್ದಾಗ ಬೇಕಾಗಿರ್ಲಿಲ್ಲ."

ಬಾಗಿಲು ತೆಗೆದೆವು. ಎಡೆಯ ಅಂಗಿಯನ್ನು ಮನೆಯ ಗಂಡಸು ಹಾಕಿಕೊಳ್ಳಬೇಕು. ಮೈದುನ ಹಾಕಿಕೊಂಡು ಕತ್ತು ಅಲ್ಲಾಡಿಸಿದ. ಅವನ ಹೆಂಡತಿ ಬಾಯಿಗೆ ಕೈ ಅಡ್ಡ ಹಿಡಿದಳು. "ಕಾಲರು ಒಂದ್ ಕಡೆ ಮುನಿಸ್ಕೊಂಡೈತಲ್ಲ" ಅಂದ. "ಹೊಗೆಸೊಪ್ಪು ಒಣಗ್ಸೋ ಬ್ಯಾರನ್ ಹತ್ರ ಬೇಯೋ ಬಿಸ್ಲಲ್ಲಿ ಯಾರ್ ನೋಡ್ತಾರೆ? ಬಟ್ಟೆ ತಣ್ಣಗೈತೆ." ಈಗ ಹೊಲಕ್ಕೆ ಅದನ್ನೇ ಹಾಕಿಕೊಂಡು ಹೋಗುತ್ತಾನಂತೆ.

ಪ್ರಸಾದ ಅಂತ ಎಡೆಯ ಮುದ್ದೆಯನ್ನು ಮುರಿದು ಎಲ್ಲರಿಗೂ ಕೊಟ್ಟೆ. ಅಕ್ಕ ಬೇಡ ಅನ್ನಲಿಲ್ಲ. ಎರಡು ತುತ್ತು ಸಾರಿನಲ್ಲಿ ಅದ್ದಿ ನುಂಗಿ, "ಉಪ್ಪು ಒಂಚೂರು ಮುಂದೈತೆ" ಅಂದರು. ಆಮೇಲೆ ಇನ್ನರ್ಧ ಮುದ್ದೆ ಹಾಕಿಸಿಕೊಂಡರು. ಕತ್ತಲಾಗುವ ಮೊದಲು ಕೆ.ಆರ್. ನಗರದ ಕಡೆಯ ಬಸ್ಸು ಹಿಡಿಯಬೇಕು ಅಂತ ಎದ್ದರು. ಡಬ್ಬಿಯನ್ನೂ ಬಟ್ಟೆಯ ಪೆಟ್ಟಿಗೆಯನ್ನೂ ಎತ್ತಿಕೊಂಡರು. ಬಸ್ಸಿನವರೆಗೆ ನಾನೂ ಹೋದೆ. ಹತ್ತಿ ಕಿಟಕಿಯ ಪಕ್ಕ ಕೂತು, ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು, ನನ್ನ ಕಡೆ ತಿರುಗದೆಯೇ ಹೇಳಿದರು.

"ಬರೋ ವರ್ಸಾನೂ ತತ್ತೀನಿ. ನೋಡ್ಕೊ."

"ತನ್ನಿ" ಅಂದೆ. "ಜಗಲಿ ದೊಡ್ಡದೈತೆ."