ಮಠದ ಓಲೆ, ಗಂಗವ್ವನ ವಸ್ತ್ರ

ಎರಡು ಸಾವಿರದ ಮೂರರ ಜನವರಿ. ಬಾಗಲಕೋಟೆಯಲ್ಲಿ ಬೆಳಗಿನ ಬಾದಾಮಿ ಬಸ್ಸು ಹತ್ತಿದೆ. ಅಣೆಕಟ್ಟಿನ ಹಿನ್ನೀರಿಗೆ ಬಿಟ್ಟುಕೊಟ್ಟ ಹಳೇ ಊರಿನ ಮನೆಗಳು ಬಾಗಿಲು ಕಿಟಕಿ ಕಳಚಿಕೊಂಡು ನಿಂತಿದ್ದವು. ನಾನು ಬೆಳೆದ ಮನೆಯೂ ಆ ಸಾಲಿನಲ್ಲೇ ಇತ್ತು. ಅದನ್ನು ನೋಡಬಾರದೆಂದು ಆಚೆ ಬದಿಯ ಕಿಟಕಿಗೆ ಕೂತೆ. ಅಲ್ಲಿ ಬಿಸಿಲು ನೇರ ಮುಖಕ್ಕೇ ಬಡಿಯುತ್ತಿತ್ತು, ಅದೂ ಒಂದು ಶಿಕ್ಷೆ.

ಹೊರಟದ್ದು ಇಳಕಲ್ಲಿಗೆ. ಹಸ್ತಪ್ರತಿಗಳನ್ನು ಓದುವ ಕೆಲಸದಲ್ಲೇ ತಲೆ ಬೆಳ್ಳಗಾಗಿ ನಿವೃತ್ತಳಾದ ನನ್ನನ್ನು ಅಲ್ಲಿಯ ಒಂದು ಸಣ್ಣ ಮಠದ ಸ್ವಾಮಿಗಳು ಕರೆದಿದ್ದರು. ಹಳೇ ಸಾಮಾನಿನ ವ್ಯಾಪಾರಿಯೊಬ್ಬ ಅವರಿಗೆ ಮೂಲ ಗುರುಗಳ ಕಾಲದ್ದೆಂದು ಒಂದು ತಾಡೋಲೆ ಕೊಟ್ಟು ಹೋಗಿದ್ದ. ಸ್ವಾಮಿಗಳು ಅದನ್ನು ಶ್ರಾವಣದ ಪ್ರವಚನದಲ್ಲಿ ಭಕ್ತರೆದುರು ಓದಿಯೂ ಆಗಿತ್ತು. ಈಗ ಅಚ್ಚು ಹಾಕಿಸಬೇಕು, ಅದಕ್ಕೆ ನನ್ನ ಮುನ್ನುಡಿ ಬೇಕು. "ಅಕ್ಕಾರ, ಒಮ್ಮಿ ಕಣ್ಣಾಡಿಸಿ ನಾಕು ಮಾತು ಬರದ್ರ ಸಾಕ್ರಿ" ಎಂದು ಫೋನಿನಲ್ಲಿ ಹೇಳಿದ್ದರು. ಮೊದಲು ಹೊಗಳಿಕೆಯ ಅಳತೆ ಹೇಳಿ ಆಮೇಲೆ ಓಲೆ ತೋರಿಸುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಆದರೂ ಹೊರಟೆ.

ಬಾದಾಮಿಯಲ್ಲಿ ಇಳಿದದ್ದು ನನ್ನ ಹಟಕ್ಕೆ. ಅನುಮಾನದ ಬರಹ ನೋಡುವ ಮೊದಲು ಅನುಮಾನವೇ ಇಲ್ಲದ್ದನ್ನು ನೋಡಿ ಕಣ್ಣು ತೊಳೆದುಕೊಳ್ಳುವುದು ನನ್ನ ರೂಢಿ. ಬಂಡೆಯ ಮೇಲಿನ ಹಳೇ ಶಾಸನದ ಅಕ್ಷರಗಳ ಮುಂದೆ ಬಹಳ ಹೊತ್ತು ನಿಂತೆ. ಅಷ್ಟರಲ್ಲಿ ಒಂದು ಮಂಗ ನನ್ನ ಬಾಳೆಹಣ್ಣಿನ ಚೀಲ ಕಿತ್ತುಕೊಂಡು ಗುಡ್ಡ ಏರಿತು. ಬೆಳಗಿನ ಉಪಾಹಾರ ಅಲ್ಲಿಗೆ ಮುಗಿಯಿತು.

ಗುಡೂರಿನ ಮೇಲೆ ಇಳಕಲ್ಲಿಗೆ ಹೋಗುವ ಬಸ್ಸಿನಲ್ಲಿ ಬನಶಂಕರಿಯ ಬಳಿ ಹತ್ತಿದ ಹೆಂಗಸೊಬ್ಬಳು ನನ್ನ ಪಕ್ಕ ಕೂತಳು. ಮಡಿಲಲ್ಲಿ ಬಿಳಿ ಅರಿವೆಯ ಗಂಟು. ನನ್ನ ಮುಖ ನೋಡಿಯೇ ಹಸಿವು ಗೊತ್ತಾಯಿತೇನೋ, ರೊಟ್ಟಿ ಬಿಚ್ಚಿದಳು.

"ತಗೋರಿ ಅಕ್ಕಾರ. ಹಸದ ಮಂದಿ ಮುಂದ ಒಬ್ಬಾಕಿನ ಹ್ಯಾಂಗ ತಿನ್ಲಿ?"

ಕಟಕ್ ರೊಟ್ಟಿ, ಶೇಂಗಾ ಚಟ್ನಿ, ಗಟ್ಟಿ ಮೊಸರು. ಆ ಹೊತ್ತಿಗೆ ಅದೇ ಅಮೃತ. ಬಸ್ಸು ಗುಂಡಿಗೆ ಹಾರಿದಾಗ ನನ್ನ ಕೈಯ ಚಟ್ನಿ ಅವಳ ಗಂಟಿನ ಮೇಲೆ ಚೆಲ್ಲಿತು. ಅವಳು ಗಾಬರಿಯಾಗಿ ಹೊರ ಅರಿವೆ ಬಿಡಿಸಿದಳು. ಒಳಗೆ ಕೆಂಪು ದಡಿಯ ಹೊಸ ವಸ್ತ್ರ, ತುದಿಯಲ್ಲಿ ಮೊಳದುದ್ದ ನೇಯದೆ ಬಿಟ್ಟ ಎಳೆಗಳು. ಒಳಗೆ ಕಲೆ ತಾಗಿರಲಿಲ್ಲ. "ಸದ್ಯ, ಉಳೀತು" ಎಂದು ಎದೆಗೆ ಒತ್ತಿಕೊಂಡಳು.

ಹೆಸರು ಗಂಗವ್ವ, ಇಳಕಲ್ಲಿನ ನೇಕಾರರ ಮನೆಯವಳು. ಮಠದ ಗದ್ದುಗೆಗೆ ವರ್ಷಕ್ಕೊಮ್ಮೆ ಹೊದಿಸುವ ವಸ್ತ್ರ ಅವರ ಮನೆಯದು. ಮಗ್ಗದಿಂದ ಇಳಿಸಿದಾಗ ಹಾಸಿನ, ಎಂದರೆ ಉದ್ದೆಳೆಗಳ, ತುದಿ ಕತ್ತರಿಸುವಂತಿಲ್ಲ. ಸ್ವಾಮಿಗಳೇ ಗದ್ದುಗೆಯ ಮುಂದೆ ಅದನ್ನು ಕತ್ತರಿಸಿ ನೇಯ್ದವರ ಸೆರಗಿಗೆ ಹಾಕುತ್ತಾರೆ. ಆ ತುದಿಯ ಎಳೆಗಳಿಗೇ ಮುಂದಿನ ವರ್ಷದ ಹಾಸನ್ನು ಕೂಡಿಸಿ ನೇಯುವುದು.

"ಅತ್ತಿ ಕೂಡಿಸಿದ್ಲು, ಅತ್ತಿಯ ಅತ್ತಿ ಕೂಡಿಸಿದ್ಲು. ಎಳಿ ಒಟ್ಟ ಹರದಿಲ್ರಿ" ಎಂದಳು. ದನಿ ಇಳಿಯಿತು. "ಈ ಸಲ ಮಠದ ಅಪ್ಪಾರು ಬ್ಯಾಡ ಅಂದ್ರು. ಓಲ್ಯಾಗ ನಮ್ಮ ಮನಿ ಹೆಸರಿಲ್ಲಂತ, ಮಲ್ಲಪ್ಪಾರ ಮನೀದು ಐತಂತ. ನಾ ಸುಮ್ನ ಇರಲಾರದ ನೇದೆ. ಬನಶಂಕರವ್ವಗ ಉಡಸೂಣಂತ ಹೋದ್ರ, ಕೈ ಬರಲಿಲ್ರಿ. ಗದ್ದಗಿ ಹೆಸರಿಲೆ ನೇದದ್ದು ಅವ್ವಗ ಹ್ಯಾಂಗ ಕೊಡ್ಲಿ? ತುದಿ ಕತ್ತರಿಸಿ ಕೊಡೋರಿಲ್ಲಂದ್ರ ಮುಂದಿನ ವರ್ಷ ಯಾತಕ್ಕ ಕೂಡಿಸ್ಲಿ?"

"ಅಪ್ಪಾರು ತಪ್ಪು ಹೇಳಿರಬಹುದಲ್ಲ?" ಎಂದೆ.

"ಬಿಡ್ತು ಅನ್ರಿ! ಅಪ್ಪಾರು ಸುಳ್ಳು ಆಡೋರಲ್ಲ. ಹಂಗಾದ್ರ ನಮ್ಮ ಹಿರ್ಯಾರ ಸುಳ್ಳಾಡಿದ್ರೇನು? ಅದಽ ತಿಳೀವಲ್ದು."

ನಾನು ಅದೇ ಓಲೆ ನೋಡಲು ಹೊರಟವಳು. ನಾಲಿಗೆಯ ತುದಿಗೆ ಬಂದದ್ದನ್ನು ರೊಟ್ಟಿಯ ಜತೆ ನುಂಗಿದೆ. ನೋಡುವ ಮೊದಲೇ ಆಸೆ ಹುಟ್ಟಿಸಿ, ಆಮೇಲೆ ಓಲೆ ನಿಜವಾದರೆ? ಗುಡೂರು ದಾಟಿ ಕಲ್ಲಿನ ಪಾಲಿಶ್ ಕಾರ್ಖಾನೆಗಳ ಬಿಳಿ ಧೂಳು ಕಾಣುವವರೆಗೂ ಅವಳು ಗಂಟಿನ ಮೇಲಿಂದ ಕೈ ತೆಗೆಯಲಿಲ್ಲ.

ಮಠದಲ್ಲಿ ಸ್ವಾಮಿಗಳು ಬಾಗಿಲಿಗೇ ಬಂದು ಕರೆದರು. ನಡುವಯಸ್ಸು, ನಗುಮುಖ. ಬಯ್ಯಬೇಕೆಂದು ಬಂದವಳಿಗೆ ಅವರನ್ನು ನೋಡಿ ಬಯ್ಗುಳವೇ ಮರೆತುಹೋಯಿತು. ಊಟವಾದ ಮೇಲೆ ಅಂಗಳದ ಬಿಸಿಲಿನಲ್ಲಿ ಓಲೆ ಇಟ್ಟರು. ಗರಿ ಹಳೆಯದೇ, ಅದರಲ್ಲಿ ಮಾತಿಲ್ಲ. ಅಕ್ಷರದ ತಿರುವೂ ಸುಮಾರಾಗಿ ಹಳೆಯದೇ. ಮೊದಲ ಸಾಲಿಗೆ ನನ್ನ ಮನಸ್ಸೂ ಸೋತಿತ್ತು.

ಎರಡನೆಯ ಸಾಲಿನಲ್ಲಿ ಹುಳ ತಿಂದ ತೂತೊಂದಿತ್ತು. ಅಕ್ಷರ ಅದರ ತನಕ ಬಂದು, ಜಾಗ ಬಿಟ್ಟು, ಆಚೆ ಮುಂದುವರಿದಿತ್ತು. ಕೆಳಗೆ ಇನ್ನೊಂದು ತೂತು, ಅಲ್ಲೂ ಅಷ್ಟೇ. ಗರಿಯ ತುಂಬ ಹುಳ ತಿಂದಿತ್ತು, ಒಂದು ಅಕ್ಷರವನ್ನೂ ಕಚ್ಚಿರಲಿಲ್ಲ.

"ಅಪ್ಪಾರ, ನಿಮ್ಮ ಮಠದ ಹಳೇ ಓಲಿ ಕಟ್ಟು ಒಂದು ತರಸ್ರಿ" ಎಂದೆ.

ತರಿಸಿದರು. ಅದರಲ್ಲಿ ಹುಳ ಅಕ್ಷರಗಳ ನಡುವೆಯೇ ಸುರಂಗ ಹೊಡೆದಿತ್ತು, ಗುರುಗಳ ಹೆಸರೇ ಅರ್ಧ ಹೋಗಿತ್ತು. ಎರಡನ್ನೂ ಪಕ್ಕಪಕ್ಕ ಇಟ್ಟೆ. "ಇಲ್ಲಿ ಮೊದಲು ಬರದಾರ, ಆಮ್ಯಾಲೆ ಹುಳ ತಿಂದೈತಿ. ನಿಮ್ಮ ಓಲ್ಯಾಗ ಹುಳ ಮೊದಲು, ಬರಹ ಆಮ್ಯಾಲೆ. ತೂತು ತಪ್ಪಿಸಿ ಬರದಾನ. ಹಳೇ ಖಾಲಿ ಗರಿ ಮ್ಯಾಲೆ ಹೊಸಾ ಬರಹ."

ಸ್ವಾಮಿಗಳು ಭೂತಗನ್ನಡಿ ತೆಗೆದುಕೊಂಡು ಪ್ರತಿ ತೂತನ್ನೂ ತಾವೇ ನೋಡಿದರು. ಮುಖದ ಬಣ್ಣ ಇಳಿಯಿತು. ಪಕ್ಕದಲ್ಲಿದ್ದ ಮಠದ ವ್ಯವಸ್ಥಾಪಕರು ಮೆಲ್ಲಗೆ, "ಪೆಟಗ್ಯಾಗ ಇಟ್ಟು ಕೀಲಿ ಹಾಕಿದ್ರಾತು ಬಿಡ್ರಿ ಅಪ್ಪಾರ. ಮುನ್ನುಡಿ ಬ್ಯಾಡ, ಪುಸ್ತಕಾನೂ ಬ್ಯಾಡ. ಯಾರಿಗೆ ಗೊತ್ತಾಕ್ಕೈತಿ?" ಎಂದರು.

ಸ್ವಾಮಿಗಳು ನನ್ನತ್ತ ನೋಡಿದರು. ನನಗೆ ತಡೆಯಲಾಗಲಿಲ್ಲ. "ಬಸ್ಸಿನ್ಯಾಗ ಒಬ್ಬಾಕಿ ನನಗ ರೊಟ್ಟಿ ಕೊಟ್ಲು. ನೀವು ಸುಳ್ಳು ಆಡೋದಿಲ್ಲಂತ ತನ್ನ ಹಿರ್ಯಾರನ್ನಽ ಅನುಮಾನಿಸಾಕತ್ಯಾಳ. ಇನ್ನ ಕೀಲಿ ಹಾಕೋದು ನಿಮಗ ಬಿಟ್ಟದ್ದು" ಎಂದೆ. ಅವರು ಓಲೆ ಎತ್ತಿಕೊಂಡು ಎದ್ದು ಹೋದರು. ಮಾತು ಎಲ್ಲಿ ಬಿರುಸಾಯಿತೋ ಎಂದು ಸಂಜೆಯವರೆಗೂ ನನ್ನನ್ನೇ ಬಯ್ದುಕೊಂಡೆ.

ಮರುದಿನ ವಸ್ತ್ರ ಹೊದಿಸುವ ದಿನ. ಗದ್ದುಗೆಯ ಮುಂದೆ ಜನ ತುಂಬಿದ್ದರು. ಮಲ್ಲಪ್ಪನವರು, ಎಂದರೆ ಓಲೆಯಿಂದ ಮರ್ಯಾದೆ ಸಿಕ್ಕ ಮನೆಯ ಹಿರಿಯರು, ತಮ್ಮ ವಸ್ತ್ರ ಹಿಡಿದು ಮುಂದೆ ಕೂತಿದ್ದರು. ಗಂಗವ್ವ ಹಿಂದೆ ಕಂಬದ ಬಳಿ ಇದ್ದಳು. ಸ್ವಾಮಿಗಳು ಓಲೆ ಎತ್ತಿ ಹಿಡಿದರು.

"ಶ್ರಾವಣದಾಗ ಇದನ್ನ ಖರೆ ಅಂತ ಓದೀನಿ. ಇದು ಖರೆ ಅಲ್ಲ. ವ್ಯಾಪಾರಿ ನನಗ ಮೋಸ ಮಾಡಿದ. ಪರೀಕ್ಷಾ ಮಾಡಿಸದ ನಾ ನಿಮಗ ಮೋಸ ಮಾಡಿದೆ."

ಮಲ್ಲಪ್ಪನವರು ಎದ್ದರು. "ಅಪ್ಪಾರ, ಹಂಗಾದ್ರ ನಾಳೆ ನೀವು ಏನು ಓದಿದ್ರೂ ನಾವು ಹ್ಯಾಂಗ ನಂಬೋದ್ರಿ?"

"ಕೇಳಿದ್ದು ನ್ಯಾಯ ಐತಿ" ಎಂದರು ಸ್ವಾಮಿಗಳು. "ನನ್ನ ಕಾವಿ ನೋಡಿ ನಂಬಬ್ಯಾಡ್ರಿ. ಇವತ್ತಿಂದ ಮಠದ ಪೆಟಗಿಗೆ ಕೀಲಿ ಇಲ್ಲ. ಬಲ್ಲವರನ್ನ ಕರಕೊಂಡು ಬಂದು ನೋಡ್ರಿ."

ಮಲ್ಲಪ್ಪನವರು ತಮ್ಮ ವಸ್ತ್ರ ಮಡಚಿಕೊಂಡು ಬಾಗಿಲ ತನಕ ಹೋದರು. ಅಲ್ಲೇ ನಿಂತರು. ಸಿಟ್ಟು ಇಳಿದಿರಲಿಲ್ಲ, ಹೊರಗೂ ಹೋಗಲಿಲ್ಲ. ಅಷ್ಟಕ್ಕೇ ನಾನು ಮನಸ್ಸಿನಲ್ಲೇ ಅವರಿಗೆ ಕೈ ಮುಗಿದೆ.

"ಗಂಗವ್ವ, ನಿನಗ ನಾ ಬ್ಯಾಡ ಅಂದಿದ್ದೆ. ಈಗ ಯಾವ ಬಾಯಿಲೆ ವಸ್ತ್ರ ಕೇಳ್ಲಿ?" ಎಂದರು ಸ್ವಾಮಿಗಳು.

ಅವಳು ಕಂಬದ ಬಳಿಯಿಂದ ಮುಂದೆ ಬಂದಳು. ನನ್ನ ಚಟ್ನಿಯ ಎಣ್ಣೆ ಕಲೆ ಹೊತ್ತ ಗಂಟು ಬಿಚ್ಚಿ ವಸ್ತ್ರ ಮುಂದೆ ಹಿಡಿದಳು. ಸ್ವಾಮಿಗಳು ಅದನ್ನು ಗದ್ದುಗೆಗೆ ಹೊದಿಸಿ, ತುದಿಯ ಎಳೆಗಳನ್ನು ಕತ್ತರಿಸಿ ಅವಳ ಸೆರಗಿಗೆ ಹಾಕಿದರು. ನಾನು ಕಣ್ಣು ಒರೆಸಿಕೊಂಡೆ, ನಾಚಿಕೆಯೇನೂ ಆಗಲಿಲ್ಲ.

ಮಧ್ಯಾಹ್ನ ಹುನಗುಂದದ ಮೇಲೆ ಬಾಗಲಕೋಟೆಗೆ ಹೋಗುವ ಬಸ್ಸಿಗೆ ಕೂತೆ. ಗಂಗವ್ವ ರೊಟ್ಟಿ ಕಟ್ಟಿಕೊಂಡು ಓಡಿಬಂದಳು. ಓಲೆ ನೋಡಿದವಳು ನಾನೇ ಎಂದು ಆಕೆಗೆ ಅಷ್ಟರಲ್ಲಿ ಗೊತ್ತಾಗಿತ್ತು. ಕಿಟಕಿಯಿಂದ ರೊಟ್ಟಿ ಕೊಟ್ಟು, "ನಾ ಅಂದಿದ್ದಿಲ್ಲೇನ್ರಿ ಅಕ್ಕಾರ, ಅಪ್ಪಾರು ಸುಳ್ಳು ಆಡೋರಲ್ಲಂತ" ಎಂದಳು.

ರೊಟ್ಟಿಯ ಗಂಟು ಮಡಿಲಲ್ಲಿ ಇಟ್ಟುಕೊಂಡೆ. ಆಮೇಲೆ, "ಹೌದವ್ವ, ಖರೆ ಅಂದಿದ್ದಿ" ಎಂದೆ. ಬಸ್ಸು ಹೊರಟಿತು. ತಿರುಗಿ ನೋಡಿದಾಗ ಅವಳು ಕೈ ಬೀಸುತ್ತಿರಲಿಲ್ಲ. ನಿಲ್ದಾಣದ ಧೂಳಿನಲ್ಲಿ ನಿಂತು, ಸೆರಗಿನ ಗಂಟು ಬಿಚ್ಚಿ, ಮುಂದಿನ ವರ್ಷದ ಎಳೆಗಳು ಸಿಕ್ಕಾಗಿವೆಯೋ ಎಂದು ನೋಡುತ್ತಿದ್ದಳು.