ತಲೆಹೊರೆಯಲ್ಲಿ ದಾಟಿದ ಬೆಟ್ಟ

ಮದುವೆಯಾಗಿ ನೆಲಮಂಗಲಕ್ಕೆ ಬಂದ ಹೊಸತರಲ್ಲೇ ನಮ್ಮ ಯಜಮಾನರು ಒಂದು ಕಾನೂನು ಮಾಡಿದ್ದರು: ತಲೆಯ ಮೇಲೆ ಏನನ್ನೂ ಹೊರಕೂಡದು. ನಾನು ಸೂಲಿಬೆಲೆ ಕಡೆಯ ಹಸು ಕಟ್ಟಿದ ಮನೆಯವಳು, ಹುಲ್ಲಿನ ಹೊರೆ ಹೊತ್ತೇ ಬೆಳೆದವಳು. ಅಂಗಡಿಯಿಂದ ಅಕ್ಕಿಮೂಟೆಯನ್ನು ತಲೆಯ ಮೇಲೆ ತಂದದ್ದು ಇವರ ಆಫೀಸಿನವರ ಕಣ್ಣಿಗೆ ಬಿದ್ದು ಇವರ ಮಾನ ಹೋಗಿತ್ತಂತೆ. ಗಂಡಸರ ಮಾನ ಅಷ್ಟು ಸಡಿಲವಾಗಿರುತ್ತದೆಂದು ನನಗೇನು ಗೊತ್ತು?

ಟೀವಿಯಲ್ಲಿ ಪೆರು ದೇಶದ ಬೆಟ್ಟಗಳನ್ನೂ ಅಲ್ಲಿನ ಹಳೆಯ ರಾಜರ ಪಾಳುಪಟ್ಟಣಗಳನ್ನೂ ನೋಡಿದಾಗಿನಿಂದ ಆ ಬೆಟ್ಟ ಹತ್ತಿ ಅಂಥದ್ದೊಂದು ಪಟ್ಟಣಕ್ಕೆ ನಡೆದೇ ಹೋಗಬೇಕೆಂದು ನಾನು ಹಟ ಹಿಡಿದಿದ್ದೆ. ಮದುವೆಯ ಇಪ್ಪತ್ತೈದನೇ ವರ್ಷಕ್ಕೆ ಯಜಮಾನರು ಕರೆದುಕೊಂಡು ಹೋದರು. ಇಷ್ಟಕ್ಕಾದರೂ ಮೆಚ್ಚಬೇಕು.

ಆದರೆ ಎತ್ತರಕ್ಕೆ ಹೋದಂತೆ ಗಾಳಿಯೇ ಸಾಲದಾಯಿತು. ಬೆನ್ನಿನ ಬ್ಯಾಗಿನ ಪಟ್ಟಿ ಎದೆಯನ್ನು ಬಿಗಿದು, ನಾಲ್ಕು ಹೆಜ್ಜೆಗೊಮ್ಮೆ ಕೂರುತ್ತಿದ್ದೆ. ಗೈಡ್ ಇಂಗ್ಲಿಷಿನಲ್ಲಿ ಏನೋ ಹೇಳಿದ. ಯಜಮಾನರು ಅದನ್ನು ಕನ್ನಡ ಮಾಡಿದರು: "ಮಧ್ಯಾಹ್ನದೊಳಗೆ ಬೆಟ್ಟದ ನೆತ್ತಿ ದಾಟ್ದಿದ್ರೆ ನಿನ್ನ ವಾಪಸ್ ಕೆಳಕ್ಕೆ ಕಳಿಸ್ತಾನಂತೆ ಕಣೇ."

ಅಳು ಬಂತು. ಹಿಂದೆಯೇ ಸಿಟ್ಟೂ ಬಂತು. ನನಗೆ ಒಗ್ಗುವುದು ಸಿಟ್ಟೇ.

ಟವೆಲ್ ತಿರುಚಿ ಸಿಂಬೆ ಸುತ್ತಿ ತಲೆಗಿಟ್ಟುಕೊಂಡೆ. "ಬ್ಯಾಗ್ ಎತ್ತಿ ಇದ್ರ ಮೇಲಿಡಿ" ಎಂದೆ.

"ಲೇ, ಇಲ್ಲೂನಾ? ಜನ ನೋಡ್ತಾರೆ!"

"ನೋಡ್ಲಿ ಬಿಡಿ. ನೆಲಮಂಗಲದೋರು ಯಾರೂ ಬಂದಿಲ್ಲ."

ಎತ್ತಲು ಅವರು ಕೈ ಜೋಡಿಸಲಿಲ್ಲ. ಬ್ಯಾಗನ್ನು ಬಂಡೆಯ ಮೇಲಿಟ್ಟು, ಬಗ್ಗಿ ತಲೆಕೊಟ್ಟು ನಾನೇ ಎತ್ತಿಕೊಂಡೆ. ಕತ್ತು ನೆಟ್ಟಗಾಯಿತು, ಎದೆ ಬಿಚ್ಚಿಕೊಂಡಿತು. ಗದ್ದೆಯ ಬದುವಿನ ಮೇಲೆ ನಡೆಯುವಂತೆ ಸಣ್ಣ ಸಣ್ಣ ಹೆಜ್ಜೆ ಹಾಕಿದೆ. ಎಲ್ಲೂ ನಿಲ್ಲಲಿಲ್ಲ. ಮುಂದಿದ್ದವರು ಒಬ್ಬೊಬ್ಬರಾಗಿ ಹಿಂದಾದರು. ಎರಡೆರಡು ಕೋಲು ಊರಿಕೊಂಡು ಬರುತ್ತಿದ್ದ ಯಜಮಾನರಂತೂ ಎಲ್ಲರಿಗಿಂತ ಹಿಂದೆ.

ನೆತ್ತಿ ಮುಟ್ಟಿದಾಗ ಸೂರ್ಯ ಇನ್ನೂ ತಲೆಯ ಮೇಲೆ ಬಂದಿರಲಿಲ್ಲ. ಗೈಡ್ ಟೋಪಿ ತೆಗೆದು ನಕ್ಕ. ಆಚೆ ಮಗ್ಗುಲಲ್ಲಿ, ಕೆಳಗೆ, ಟೀವಿಯಲ್ಲಿ ಕಂಡಿದ್ದ ಆ ಪಾಳುಪಟ್ಟಣ ಬಿಸಿಲು ಕಾಯುತ್ತಿತ್ತು. ಸೂರಿಲ್ಲದ ಮನೆಗಳು, ಮೆಟ್ಟಿಲು ಮೆಟ್ಟಿಲಾಗಿ ಕಡಿದ ಹೊಲಗಳು, ಒಂದು ಕಲ್ಲೂ ಅಲುಗದ ಗೋಡೆಗಳು. ಬಂದುಬಿಟ್ಟಿದ್ದೆ! ಖುಷಿಗೆ ಮೈ ನಡುಗಿತು, ಆದರೂ ತಲೆಯ ಮೇಲಿನ ಬ್ಯಾಗು ಅಲುಗಲಿಲ್ಲ.

ಯಜಮಾನರು ಏದುಸಿರು ಬಿಡುತ್ತಾ ಬಂದರು. ಸುತ್ತ ಅಷ್ಟೂ ಜನ ನಮ್ಮನ್ನೇ ನೋಡುತ್ತಿದ್ದರು. ಕೋಲುಗಳನ್ನು ಕೆಳಗೆ ಹಾಕಿ, ಆ ಜನರ ಎದುರಿಗೇ, ನನ್ನ ತಲೆಯತ್ತ ಎರಡೂ ಕೈ ಚಾಚಿದರು.

"ಬಾರೇ, ಹೊರೆ ಇಳಿಸ್ಕೊತೀನಿ."

ಇಷ್ಟು ವರ್ಷಗಳಲ್ಲಿ ಇದೇ ಮೊದಲು.

"ಸ್ವಲ್ಪ ತಡೀರಿ," ಎಂದೆ. "ಹೊತ್ಕೊಂಡೇ ಒಂದ್ಸಲ ಪೂರ್ತಿ ನೋಡ್ಬಿಡ್ತೀನಿ."