ವಾಲ್ವಿನ ಮೇಲೆ ಚಮಕಿ ಗಿಳಿ

ಕಳೆದ ಭಾನುವಾರ ನಮ್ಮ ಮನೆಯ ಹೊಸ ಆಂಪ್ಲಿಫೈಯರ್ ಮೇಲೆ ಒಂದು ಗಿಳಿ ಸುಟ್ಟುಹೋಯಿತು.

ಗಾಬರಿಯಾಗಬೇಡಿ. ಬಟ್ಟೆಯ ಗಿಳಿ. ನಮ್ಮಕ್ಕ ಸಿದ್ದಮ್ಮ ಕೈಯಾರೆ ಹೊಲಿದದ್ದು.

ಮೊದಲು ಆಂಪ್ಲಿಫೈಯರ್ ವಿಷಯ. ಎರಡು ಗಾಜಿನ ವಾಲ್ವುಗಳನ್ನು ತಲೆಯ ಮೇಲೆ ಹೊತ್ತ ಪುಟ್ಟ ಪೆಟ್ಟಿಗೆ. ಫೋನಿನಿಂದ ಬ್ಲೂಟೂತ್‌ನಲ್ಲಿ ಬರುವ ಡಿಜಿಟಲ್ ಹಾಡು ಈ ವಾಲ್ವುಗಳನ್ನು ದಾಟಿ ಸ್ಪೀಕರಿಗೆ ಹೋಗುತ್ತದೆ. ಹೌದು, ಅಜ್ಜನ ಕಾಲದ ರೇಡಿಯೋದಲ್ಲಿ ಇರುತ್ತಿದ್ದವಲ್ಲ, ಅಂಥವೇ! ಕೆಂಪಗೆ ಬೆಳಗಿ, ಕಾದ ಮೇಲೆಯೇ ಬಾಯಿ ಬಿಡುತ್ತವೆ. ಹಾಡಿಗೆ ಒಂದಿಷ್ಟು ಕಲಬೆರಕೆ ಮಾಡುತ್ತವಂತೆ; ಅದನ್ನೇ ನಮ್ಮ ಕಿವಿ ಇಂಪು ಅನ್ನುತ್ತದಂತೆ. (ಅನ್ನಲಿ ಬಿಡಿ, ನನಗೆ ಇಂಪಾದರೆ ಸಾಕು.)

ಬಳ್ಳಾರಿಯ ಈ ಮನೆಗೆ ಸಿರುಗುಪ್ಪದಿಂದ ಅಕ್ಕ ಬರುವುದೇ ಅಪರೂಪ. ‘ನಿಮ್ಮ ಮನ್ಯಾಗ ಯಾವುದು ಮುಟ್ಟಬೇಕು, ಯಾವುದು ಬ್ಯಾಡ ಅಂತ ತಿಳಿಯೂದಿಲ್ಲವಾ’ ಅನ್ನುತ್ತಾಳೆ. ನಮ್ಮ ತವರೂರು ಬಾದನಹಟ್ಟಿಯಲ್ಲಿ ಎಮ್ಮೆ, ಹೊಲ, ಒಲೆ ಎಲ್ಲವನ್ನೂ ತಾನೇ ಹೊತ್ತುಕೊಂಡು, ‘ಇಕಿ ಸಾಲಿಗೆ ಹೋಗ್ಲಿ’ ಎಂದು ಅಪ್ಪನೆದುರು ಹಟ ಹಿಡಿದವಳು ಅವಳೇ. ನಮ್ಮ ವಂಶದ ಮೊದಲ ಡಿಗ್ರಿ ನನ್ನದು. ಹೆಮ್ಮೆಯಿಂದಲೇ ಹೇಳುತ್ತೇನೆ. ಸರ್ಟಿಫಿಕೇಟಿನಲ್ಲಿ ಅಕ್ಕನ ಹೆಸರಿಲ್ಲ, ಅಷ್ಟೆ.

ಈ ಸಲ ಬಂದವಳೇ ಚೀಲದಿಂದ ಒಂದು ಬಟ್ಟೆ ತೆಗೆದಳು. ‘ವಾಲ್ವಿನ ರೇಡಿಯೋ ತಂದೀನಿ ಅಂತ ಫೋನಿನ್ಯಾಗ ಅಂದಿದ್ಯಲ್ಲ? ಬರೇ ಮೈಲೇ ಇಟ್ಟೀಯೇನ ಅದನ್ನ?’

ಹಸಿರು ದಾರದ ಗಿಳಿ, ಚಮಕಿ ಕಣ್ಣು, ಸುತ್ತ ಜಾಲರಿ. ಹಿಂದೆ ಊರಲ್ಲಿ ರೇಡಿಯೋ ಇದ್ದ ಮನೆಯಲ್ಲೆಲ್ಲ ಇಂಥ ಹೊದಿಕೆ ಇರುತ್ತಿತ್ತಲ್ಲ? ಆದರೆ ಆ ವಾಲ್ವುಗಳು ಪೆಟ್ಟಿಗೆಯೊಳಗೆ ಇದ್ದವು. ನನ್ನವು ಹೊರಗಿವೆ! ಮುಟ್ಟಿದರೆ ಸುಡುತ್ತವೆ.

ಹೇಳಲೇ? ಬೇಡ ಅಂದರೆ ಅವಳು ಈ ಮನೆಗೆ ಮತ್ತೆ ಬರುತ್ತಾಳಾ?

‘ಭಾಳ ಚಂದ ಐತಕ್ಕ’ ಅಂದೆ. ಅವಳೇ ಹೊದಿಸಿದಳು.

ಅಡುಗೆಮನೆಯಲ್ಲಿ ಯಜಮಾನರು ಪಿಸುಗುಟ್ಟಿದರು, ‘ಸುಡತೈತಿ, ಹೇಳು.’

‘ಸುಮ್ಕಿರ್ರಿ. ಹಾಡು ಹಚ್ಚದಿದ್ರ ಆತು.’

ಅಕ್ಕ ಬಿಡಬೇಕಲ್ಲ? ‘ಹಚ್ಚವಾ, ಕೇಳೂನು’ ಅಂದಳು. ಹಚ್ಚಿದೆ. ಒಂದೇ ಹಾಡಿಗೆ ಆಫ್ ಮಾಡೋಣ ಎಂದುಕೊಂಡೆ. ನೋಡಿದರೆ ಅಕ್ಕ ಕಣ್ಣು ಮುಚ್ಚಿ ತಲೆದೂಗುತ್ತಿದ್ದಾಳೆ. ಯಾವ ಬಾಯಲ್ಲಿ ಸಾಕು ಅನ್ನಲಿ? ಎರಡನೆಯ ಹಾಡಿಗೆ ಪ್ಲಾಸ್ಟಿಕ್ ಸುಟ್ಟ ವಾಸನೆ. ಓಡಿಹೋಗಿ ಸ್ವಿಚ್ ಆರಿಸಿ ಬಟ್ಟೆ ಎಳೆದೆ. ಚಮಕಿ ಕರಗಿ ಗಾಜಿಗೆ ಅಂಟಿತ್ತು.

ಅಕ್ಕ ಗಿಳಿಯನ್ನು ನೋಡಲಿಲ್ಲ. ನನ್ನ ಬೆರಳು ಹಿಡಿದು ನೋಡಿದಳು.

‘ಸುಡತೈತಿ ಅಂತ ಗೊತ್ತಿತ್ತೇನು?’

‘ಗೊತ್ತಿತ್ತಕ್ಕ. ನಿನಗ ಬ್ಯಾಸರ ಆದೀತಂತ...’

‘ಎಮ್ಮಿ ಹಿಂದ ತಿರುಗಿದಾಕಿ ಅದೀನಿ. ಗಿಳಿ ಕಣ್ಣಿಗೆ ಅಳ್ತೀನೇನ ಲೇ?’ ಎಂದು ನಕ್ಕಳು.

ಓದಿದ ನಮಗೆ ಇದೊಂದು ಚಾಳಿ. ನಮ್ಮನ್ನು ಓದಿಸಿದವರ ಮುಂದೆ ಗೊತ್ತಿದ್ದನ್ನು ನುಂಗಿಕೊಂಡು, ಅದಕ್ಕೆ ಗೌರವ ಎಂದು ಹೆಸರಿಡುತ್ತೇವೆ. ಅವರಿಗೆ ಬೇಕಾದದ್ದು ಅದಾ?

ಸಂಜೆಯ ಬಸ್ಸಿಗೆ ಹೊರಡಬೇಕಿದ್ದ ಅಕ್ಕ ಉಳಿದಳು. ಮನೆಯ ಒಂದೊಂದು ಮಷೀನಿನ ಮುಂದೂ ನಿಂತು ‘ಇದೇನು ಮಾಡತೈತಿ? ಸುಡತೈತೇನು?’ ಎಂದು ಕೇಳುತ್ತಾ ಹೋದಳು. ಮಿಕ್ಸಿ ಹೇಳಿದೆ, ಓವನ್ ಹೇಳಿದೆ. ವಾಷಿಂಗ್ ಮಷೀನಿಗೆ ಬರುವಷ್ಟರಲ್ಲಿ ಸುಸ್ತಾಗಿ, ‘ಅದೆಲ್ಲ ನಿನಗ್ಯಾಕಕ್ಕ, ಬಿಡು’ ಅಂದುಬಿಟ್ಟೆ.

ಅಕ್ಕ ಸೊಂಟದ ಮೇಲೆ ಕೈ ಇಟ್ಟು ನಿಂತಳು.

‘ನನಗ ಹೇಳಾಕ ಆಗದಿದ್ರ, ನಿನ್ನ ಸಾಲಿಗೆ ಯಾತಕ್ಕ ಕಳಿಸಿದ್ನಿ?’